ಸಾಲಿನ ಕೊನೆಯ ನಗಾರಿ

ಲದಾಖಿನ ಝನ್ಸ್ಕಾರ್ ಸೀಮೆಯಲ್ಲಿ ಹಾಡಿಗೂ ಒಂದು ಹಂಗಾಮು ಇತ್ತು. ಬೇಸಗೆಯ ನಾಲ್ಕೈದು ತಿಂಗಳು ದುಡಿಮೆಯಲ್ಲೇ ಕಳೆಯುತ್ತಿತ್ತು. ಉತ್ತು ಬಿತ್ತಬೇಕು, ಹಿಮ ಕರಗಿ ಬಂದ ನೀರನ್ನು ಸರದಿಯ ಮೇಲೆ ಹೊಲಕ್ಕೆ ತಿರುಗಿಸಬೇಕು, ಜವೆಗೋಧಿ ಕೊಯ್ಯಬೇಕು, ಸಗಣಿ ಒಣಗಿಸಿ ಮಾಳಿಗೆಯ ಮೇಲೆ ಒಟ್ಟಬೇಕು. ಆಗಲೂ ಹಾಡಿಲ್ಲದೆ ಇರಲಿಲ್ಲ. ಕಣದಲ್ಲಿ ದನಗಳನ್ನು ಸುತ್ತು ಹಾಕಿಸುವವನು ಹಾಡುತ್ತಲೇ ಸುತ್ತುತ್ತಿದ್ದ. ಅದು ಕೈಕೆಲಸದ ಹಾಡು, ಕೆಲಸ ಮುಗಿದರೆ ಅದೂ ಮುಗಿಯಿತು. ಕುಳಿತು ಕೇಳುವ ಹಾಡು, ಸಾಲುಗಟ್ಟಿ ಹೆಜ್ಜೆ ಹಾಕುವ ಕುಣಿತ, ರಾತ್ರಿಗಟ್ಟಲೆ ಸಾಗುವ ಕಥೆ ಇವೆಲ್ಲ ಚಳಿಗಾಲದವು. ದಾರಿ ಮುಚ್ಚಿ, ಬರುವವರು ಹೋಗುವವರು ಯಾರೂ ಇಲ್ಲವೆಂದಾದ ಮೇಲೆ ಊರು ತನ್ನ ಗಂಟಲು ಸರಿಮಾಡಿಕೊಳ್ಳುತ್ತಿತ್ತು.

ದಾರಿ ಮುಚ್ಚುವುದೆಂದರೆ ಅಲ್ಲಿ ಬಾಯಿಮಾತಲ್ಲ. ಈ ಸೀಮೆಯ ಮುಖ್ಯ ಊರಾದ ಪದುಮ್ ಮೂರೂವರೆ ಸಾವಿರ ಮೀಟರಿಗಿಂತ ಎತ್ತರದಲ್ಲಿದೆ. ಕಾರ್ಗಿಲ್‌ನಿಂದ ಅಲ್ಲಿಗೆ ಸುಮಾರು 230 ಕಿಲೋಮೀಟರ್ ರಸ್ತೆ, ನಡುವೆ ಸುಮಾರು 4,400 ಮೀಟರ್ ಎತ್ತರದ ಪೆನ್ಸಿ ಲಾ ಘಾಟಿ. ‘ಲಾ’ ಎಂದರೆ ಅಲ್ಲಿಯವರ ಮಾತಿನಲ್ಲಿ ಘಾಟಿ ಎಂದೇ ಅರ್ಥ. ನವೆಂಬರಿನ ಹೊತ್ತಿಗೆ ಅದರ ಮೇಲೆ ಹಿಮ ಕೂತರೆ ಮತ್ತೆ ವಾಹನ ಓಡುತ್ತಿದ್ದುದು ಮೇ ತಿಂಗಳಲ್ಲೋ ಜೂನಿನಲ್ಲೋ. ಉಳಿಯುತ್ತಿದ್ದ ದಾರಿ ಒಂದೇ, ಹೆಪ್ಪುಗಟ್ಟಿದ ಝನ್ಸ್ಕಾರ್ ನದಿ. ಜನವರಿ, ಫೆಬ್ರವರಿಯಲ್ಲಿ ಅದರ ಮೇಲೆ ನಡೆದು, ರಾತ್ರಿ ಬಂಡೆಯ ಗವಿಗಳಲ್ಲಿ ಮಲಗಿ, ಸಿಂಧೂ ನದಿಯ ಕಡೆಗೆ ಇಳಿಯಬೇಕಿತ್ತು. ಬೆಣ್ಣೆ ಮಾರುವವರು, ಲೇಹ್‌ನ ಶಾಲೆಗೆ ಮಕ್ಕಳನ್ನು ಬಿಡುವವರು ಹಾಗೆ ಹೋಗುತ್ತಿದ್ದರು. ಹಾಸಿದ ಹಚ್ಚಡದಂತಿರುವ ಆ ಮಂಜಿಗೆ ಚಾದರ್ ಎಂದು ಹೆಸರು.

1990ರ ದಶಕದಲ್ಲಿ ಅಂಥದೊಂದು ಊರಿಗೆ ಮುಂಡಗೋಡ ಸೀಮೆಯ ಒಬ್ಬ ತರುಣ ಪಾಠ ಹೇಳಲು ಹೋಗಿದ್ದ. ಬೇಸಗೆ ಮುಗಿದೊಡನೆ ಹಿಂದಿರುಗಬೇಕಾದವನು ಒಂದು ವಾರ ತಡಮಾಡಿ, ಘಾಟಿ ಮುಚ್ಚಿದ್ದರಿಂದ, ಚಳಿಗಾಲವನ್ನು ಅಲ್ಲೇ ಕಳೆದ. ಈ ಬರಹ ಅವನದೇ. ಅವನು ಹುಟ್ಟಿದ ತಾಲ್ಲೂಕಿನಲ್ಲೇ ಟಿಬೆಟನ್ನರ ದೊಡ್ಡ ವಿದ್ಯಾಮಠಗಳಿವೆ, ಝನ್ಸ್ಕಾರದ ಹುಡುಗರು ಸನ್ಯಾಸಿಗಳಾಗಿ ಓದಲು ಅಲ್ಲಿಗೆ ಬರುತ್ತಾರೆ. ಈಚೆಗೆ ಮುಂಡಗೋಡಿನ ಒಂದು ಚಹಾದ ಅಂಗಡಿಯಲ್ಲಿ ಅಂಥ ಒಬ್ಬ ಯುವ ಸನ್ಯಾಸಿ ತನ್ನ ಮೊಬೈಲನ್ನು ಮೇಜಿನ ಮೇಲೆ ತಿರುಗಿಸಿ, ಸಂತೆಯಲ್ಲಿ ಕಲಿತ ಕನ್ನಡದಲ್ಲಿ, “ನಮ್ಮೂರ ಮದುವೆ, ನೋಡ್ರಿ ಸರ್” ಎಂದ. ಅದೇ ಊರು. ಅಂಗಳದ ಗೋಡೆಯಾಚೆ ಅದೇ ಬೋಳುಗುಡ್ಡ. ನಗಾರಿ ಮೊಳಗುತ್ತಿತ್ತು, ಬಾರಿಸುವವನು ಮಾತ್ರ ಎಲ್ಲೂ ಕಾಣಲಿಲ್ಲ. ದನಿ ಬರುತ್ತಿದ್ದುದು ಕಂಬಕ್ಕೆ ಕಟ್ಟಿದ ಕರಿ ಸ್ಪೀಕರಿನಿಂದ.

ಆ ಸೀಮೆಯ ಹಳೆಯ ಮನೆಗಳಲ್ಲಿ ಚಳಿಗಾಲಕ್ಕೆಂದೇ ಕೆಳಗಿನ ಅಂತಸ್ತಿನಲ್ಲಿ ಒಂದು ತಗ್ಗು ಕೋಣೆ ಇರುತ್ತಿತ್ತು. ಸುತ್ತ ಕೊಟ್ಟಿಗೆ, ನಡುವೆ ಮನುಷ್ಯರು. ದನಕುರಿಗಳ ಮೈಬಿಸಿಯೇ ಅರ್ಧ ಒಲೆ. ಹೊರಗೆ ಸೊನ್ನೆಗಿಂತ ಇಪ್ಪತ್ತು, ಇಪ್ಪತ್ತೈದು ಡಿಗ್ರಿ ಕೆಳಗಿನ ಚಳಿ ಇರುವಾಗ ಒಳಗೆ ಸಗಣಿ ಬೆರಣಿಯ ಹೊಗೆ, ಉಪ್ಪು ಬೆಣ್ಣೆ ಹಾಕಿ ಕಡೆದ ಚಹಾ, ಹುರಿದ ಜವೆಗೋಧಿಯ ಹಿಟ್ಟು. ಸಂಜೆ ನೆರೆಮನೆಯವರು ತಮ್ಮ ತಮ್ಮ ಕದಿರು ಹಿಡಿದು ಬರುತ್ತಿದ್ದರು. ಹೆಂಗಸರು ಕುರಿಯ ಉಣ್ಣೆ ನೂತರೆ ಗಂಡಸರು ಯಾಕಿನ, ಮೇಕೆಯ ಒರಟು ಕೂದಲು ನೂಲುತ್ತಿದ್ದರು. ಈ ಭಾಗವನ್ನು ಅವರು ಎಂದೂ ಅದಲುಬದಲು ಮಾಡುತ್ತಿರಲಿಲ್ಲ. ಕೈ ನೂಲುತ್ತಿರುವಾಗ ಬಾಯಿ ಸುಮ್ಮನಿರಬಾರದೆಂಬಂತೆ ಯಾರೋ ಒಂದು ಸೊಲ್ಲು ಎತ್ತುತ್ತಿದ್ದರು. ಮೊದಲ ಸಾಲು ಒಬ್ಬರದು, ಎರಡನೆಯದು ಎಲ್ಲರದು. ಹಾಡಿನಲ್ಲಿ ಬರುತ್ತಿದ್ದುದು ಹೆಚ್ಚಾಗಿ ಎತ್ತರದ್ದೆಲ್ಲ: ಶಿಖರ, ಸೂರ್ಯ, ಮಠ, ಕುದುರೆಯೇರಿದ ಅರಸ, ತವರಿನ ಮಾಳಿಗೆ.

ತರುಣ ಉಳಿದುಕೊಂಡ ಮನೆಯ ಮುದುಕನನ್ನು ಎಲ್ಲರೂ ‘ಮೇಮೆ’ ಎನ್ನುತ್ತಿದ್ದರು, ಎಂದರೆ ಅಜ್ಜ. ಅವನ ಹೆಂಡತಿ ‘ಆಬಿ’. ಮೇಮೆಗೆ ಲಿಂಗ್ ದೇಶದ ಅರಸ ಕೇಸರನ ಕಥೆ ಬರುತ್ತಿತ್ತು. ಟಿಬೆಟಿನಿಂದ ಮಂಗೋಲಿಯಾದವರೆಗೆ ಹರಡಿರುವ ಈ ಮಹಾಕಥನದ ಲದಾಖೀ ಪಾಠಗಳು ಚಳಿಗಾಲದ ರಾತ್ರಿಗಳಲ್ಲೇ ಬೆಳೆದವು. ಕಥೆಯನ್ನು ಮಾತಿನಲ್ಲಿ ಹೇಳುತ್ತ ಹೋಗಿ, ಪಾತ್ರ ಬಾಯಿ ತೆರೆದೊಡನೆ ಹಾಡಿಗೆ ಇಳಿಯುವುದು ಕ್ರಮ. ನಮ್ಮ ಕಡೆಯ ಗೊಂದಲಿಗರ ಆಟ ಕಂಡವರಿಗೆ ಇದು ಹೊಸದೆನಿಸದು. ಮೇಮೆ ಹಾಡಿನ ಭಾಗ ಬಂದಾಗ ಕಣ್ಣು ಮುಚ್ಚುತ್ತಿದ್ದ, ಕದಿರು ಮಾತ್ರ ತಿರುಗುತ್ತಲೇ ಇರುತ್ತಿತ್ತು. ಕಥೆ ಐದು ರಾತ್ರಿ ನಡೆದು, ಆರನೆಯ ರಾತ್ರಿ ಒಂದು ಆಡು ಈಯಿತೆಂದು ನಿಂತದ್ದು ಮತ್ತೆ ಶುರುವಾಗಲಿಲ್ಲ. ಕೇಸರ ಯಾವುದೋ ರಾಕ್ಷಸನ ಊರಿನಲ್ಲಿ ಇನ್ನೂ ಸಿಕ್ಕಿಬಿದ್ದಿದ್ದಾನೆ.

ಈ ಕಥೆ ಹಾಡುಗಳನ್ನು ಮೊದಲು ಬರಹಕ್ಕೆ ಇಳಿಸಿದವರಲ್ಲಿ ಮುಖ್ಯನಾದವನು 1896ರಲ್ಲಿ ಲೇಹ್‌ಗೆ ಬಂದ ಮೊರೇವಿಯನ್ ಮಿಶನರಿ ಎ. ಎಚ್. ಫ್ರಾಂಕೆ. ಅವನು ಕೂಡಿಸಿದ ಲದಾಖೀ ಹಾಡುಗಳು 1902ರಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಅಚ್ಚಾದವು. ಜೆ. ಎಫ್. ಫ್ಲೀಟ್ ಕನ್ನಡದ ಲಾವಣಿಗಳನ್ನು 1880ರ ದಶಕದಲ್ಲಿ ಪ್ರಕಟಿಸಿದ್ದೂ ಅದೇ ಪತ್ರಿಕೆಯಲ್ಲಿ. ಮುಂಬಯಿಯ ಒಂದೇ ಅಚ್ಚುಮೊಳೆಯ ಕೆಳಗೆ ಬಯಲುಸೀಮೆಯ ಲಾವಣಿಯೂ ಹಿಮದೂರಿನ ಹಾಡೂ ಬಂದು ಕೂತಿದ್ದವೆಂಬುದು ಆ ತರುಣನಿಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಅಲ್ಲಿರುವಾಗ ಅವನು ತನ್ನನ್ನೇ ಮೊದಲ ಸಂಗ್ರಾಹಕನೆಂದುಕೊಂಡು ಒಂದು ಟೇಪ್ ರೆಕಾರ್ಡರು, ಆರು ಕ್ಯಾಸೆಟ್ಟು ಇಟ್ಟುಕೊಂಡಿದ್ದ. ಚಳಿಗೆ ಸೆಲ್ಲುಗಳು ಸಾಯುತ್ತಿದ್ದವು. ಅವನ್ನು ರಾತ್ರಿ ಬಗಲಲ್ಲಿ ಇಟ್ಟುಕೊಂಡು ಮಲಗುತ್ತಿದ್ದ.

ಚಳಿಗಾಲದ ನಡುವೆ ಬರುವ ದೊಡ್ಡ ಹಬ್ಬ ಲೋಸರ್, ಹೊಸವರ್ಷ. ಟಿಬೆಟನ್ನರ ಲೋಸರ್ ಫೆಬ್ರವರಿ, ಮಾರ್ಚ್‌ನಲ್ಲಿ ಬಂದರೆ ಲದಾಖಿನವರದು ಎರಡು ತಿಂಗಳು ಮೊದಲೇ, ಸಾಮಾನ್ಯವಾಗಿ ಡಿಸೆಂಬರಿನಲ್ಲಿ. ಹದಿನೇಳನೆಯ ಶತಮಾನದ ಹೊಸ್ತಿಲಿನಲ್ಲಿ ಆಳಿದ ಜಮ್ಯಂಗ್ ನಮ್ಗ್ಯಲ್ ಎಂಬ ಅರಸ ಬಾಲ್ತಿಸ್ತಾನದ ಮೇಲೆ ದಂಡೆತ್ತಿ ಹೊರಟಾಗ, ಬದುಕಿ ಬರುವೆವೋ ಇಲ್ಲವೋ ಎಂದು ಹಬ್ಬವನ್ನು ಮುಂಚಿತವಾಗಿ ಮಾಡಿಸಿದನಂತೆ. ಅರಸ ಯುದ್ಧದಲ್ಲಿ ಸೋತ, ಹಬ್ಬದ ತಾರೀಖು ಮಾತ್ರ ಗೆದ್ದು ಉಳಿಯಿತು. ಲೋಸರ್‌ನ ಮುನ್ನಾದಿನಗಳಲ್ಲಿ ಒಂಬತ್ತು ಬಗೆಯ ಪದಾರ್ಥ ಹಾಕಿದ ಗಂಜಿ, ಹಿಟ್ಟಿನಲ್ಲಿ ತಿದ್ದಿದ ಕಾಡುಮೇಕೆಯ ಬೊಂಬೆ, ಸತ್ತ ಹಿರಿಯರಿಗೆ ಎಡೆ. ಕತ್ತಲಾದ ಮೇಲೆ ಗಂಡಸರು ಮಕ್ಕಳು ಪಂಜು ಹೊತ್ತಿಸಿಕೊಂಡು, ಬೀಸುತ್ತ, ಕೂಗುತ್ತ ಊರಾಚೆ ಓಡಿ ಅದನ್ನು ಎಸೆದು ಬರುತ್ತಾರೆ. ಕಳೆದ ವರ್ಷದ ಕೇಡು ಅದರೊಂದಿಗೆ ಹೋಯಿತು. ದೀಪಾವಳಿಯ ಬೆಳಗ್ಗೆ ಪಂಜು ಹಿಡಿದು ಹೊಲ ಸುತ್ತುವ ಕಡೆಯಿಂದ ಹೋದವನಿಗೆ ಆ ರಾತ್ರಿ ಊರಿನ ನೆನಪಾಗಿ ಗಂಟಲು ಕಟ್ಟಿತು. ಅದನ್ನು ಹೊಗೆಯ ಮೇಲೆ ಹಾಕಿದ.

ಮದುವೆಗಳೂ ಚಳಿಗಾಲದಲ್ಲೇ ಹೆಚ್ಚು, ಏಕೆಂದರೆ ಕೈ ಖಾಲಿ, ಕಣಜ ತುಂಬಿದೆ, ಜವೆಗೋಧಿಯ ಛಂಗ್ ಹುದುಗಲು ಬೇಕಾದಷ್ಟು ಹೊತ್ತಿದೆ. ಗಂಡಿನ ಕಡೆಯಿಂದ ಹೆಣ್ಣು ತರಲು ಹೋಗುವ ಗಂಡಸರ ತಂಡಕ್ಕೆ ‘ನ್ಯೋಪಾ’ ಎಂದು ಹೆಸರು. ಈ ತಂಡದವರಿಗೆ ಗಟ್ಟಿ ತೋಳಿಗಿಂತ ಗಟ್ಟಿ ನೆನಪು ಬೇಕು. ಹೆಣ್ಣಿನ ಮನೆಯ ದಾರಿಯಲ್ಲಿ, ಅಂಗಳದಲ್ಲಿ, ಬಾಗಿಲಲ್ಲಿ ಅವರನ್ನು ತಡೆದು ಹಾಡಿನಲ್ಲೇ ಒಗಟು ಕೇಳುತ್ತಾರೆ. ಜಗತ್ತು ಹೇಗೆ ಹುಟ್ಟಿತು, ಮೊದಲ ಮರದ ಬೇರು ಎಲ್ಲಿ, ಈ ಬಾಗಿಲಿನ ತೊಲೆ ಯಾವುದರ ಗುರುತು ಎಂಬಂಥ ಪ್ರಶ್ನೆಗಳಿಗೆ ಹಾಡಿನಲ್ಲೇ ಉತ್ತರ ಬರಬೇಕು. ತಡವರಿಸಿದರೆ ಬಾಗಿಲು ತೆರೆಯದು, ಹುಡುಗಿಯರ ಕೈಯಲ್ಲಿರುವ ಬೆತ್ತ ಬೆನ್ನ ಮೇಲೆ ಬೀಳುವುದೂ ಉಂಟು. ಆ ಚಳಿಗಾಲದ ಮದುವೆಯಲ್ಲಿ ಬಾಗಿಲು ತೆರೆಯಲು ಒಂದೂವರೆ ತಾಸು ಹಿಡಿಯಿತು. ತಂಡದ ಮುಂದಾಳು ನಡುವೆ ಎರಡು ಸಾಲು ಮರೆತು, ಮರೆತದ್ದನ್ನು ಒಳಗಿನಿಂದ ಹೆಣ್ಣಿನ ಸೋದರತ್ತೆಯೇ ಪಿಸುಗುಟ್ಟಿ ಹೇಳಿಕೊಟ್ಟಳು. ಚಳಿಯಲ್ಲಿ ಹೊರಗೆ ನಿಂತವರ ಮೇಲೆ ಆಕೆಗೆ ಕರುಣೆ ಬಂದಿರಬೇಕು.

ಇನ್ನು ಕುಣಿತ. ಡೊಳ್ಳು, ವೀರಗಾಸೆ ನೋಡಿ ಬೆಳೆದ ಕಣ್ಣಿಗೆ ಲದಾಖಿನ ಕುಣಿತ ಮೊದಲು ಕುಣಿತವೆಂದೇ ತೋರುವುದಿಲ್ಲ. ಹತ್ತು ಹನ್ನೆರಡು ಮಂದಿ ಒಬ್ಬರ ಹಿಂದೊಬ್ಬರು ಸಾಲಾಗಿ ನಿಲ್ಲುತ್ತಾರೆ, ಸಾಲು ನಿಧಾನವಾಗಿ ಬಾಗಿ ವೃತ್ತವಾಗುತ್ತದೆ. ಕಾಲು ನೆಲ ಬಿಡುವುದೇ ಅಪರೂಪ. ಮುಂದೊಂದು ಹೆಜ್ಜೆ, ಹಿಂದೊಂದು ಸಣ್ಣ ತೂಗು, ಮೊಣಕಾಲಲ್ಲಿ ಒಂದು ಬಾಗು, ಅಂಗೈ ಮೆಲ್ಲಗೆ ತಿರುಗಿ ಮತ್ತೆ ತಿರುಗುತ್ತದೆ. ಹೆಂಗಸರ ತಲೆಯ ಮೇಲೆ ಹರಳು ಹೊಲಿದ ಪೆರಾಕ್ ಇದ್ದರೆ ಕತ್ತು ಅಲುಗುವಂತೆಯೂ ಇಲ್ಲ, ಏಕೆಂದರೆ ಹಣೆಯಿಂದ ಬೆನ್ನಿನವರೆಗೆ ಇಳಿಬಿಟ್ಟ ಆ ಶಿರೋಭೂಷಣ ಒಂದು ಮನೆಯ ಹೆಂಗಸರು ತಲೆಮಾರುಗಳಿಂದ ಕೂಡಿಟ್ಟ ಆಸ್ತಿ. ಹೆಜ್ಜೆಗೆ ಅವಸರವಿಲ್ಲದ್ದಕ್ಕೆ ಕಾರಣ ಮೂರೂವರೆ ಸಾವಿರ ಮೀಟರಿನ ತೆಳುಗಾಳಿಯೆಂದು ಆ ತರುಣ ತನ್ನ ಟಿಪ್ಪಣಿಯಲ್ಲಿ ಬರೆದಿದ್ದಾನೆ. ಅದು ದುಡುಕಿನ ಮಾತು. ಇನ್ನೂ ಎತ್ತರದ ಚಾಂಗ್‌ಥಾಂಗ್‌ನ ಅಲೆಮಾರಿ ಕುರಿಗಾಹಿಗಳ ‘ಜಬ್ರೋ’ ಕುಣಿತದಲ್ಲಿ ಕಾಲು ನೆಲವನ್ನು ಗುದ್ದುತ್ತದೆ. ನಿಧಾನಕ್ಕೆ ಕಾರಣ ಗಾಳಿಯಲ್ಲ, ಘನತೆ. ಹಾಗೆ ನಡೆಯುವವರು ಹೊಲ ಮನೆ ಇದ್ದವರೆಂದು ಕಾಣಬೇಕಿತ್ತು.

ಈ ಘನತೆಯನ್ನು ಎತ್ತಿ ಹಿಡಿಯುತ್ತಿದ್ದುದು ಎರಡು ವಾದ್ಯ. ‘ದಮನ್’ ಎಂಬುದು ಜೋಡಿ ನಗಾರಿ, ತಾಮ್ರದ ಬಟ್ಟಲಿಗೆ ತೊಗಲು ಬಿಗಿದದ್ದು. ಎರಡು ಕೋಲಿನಿಂದ ಬಾರಿಸುತ್ತಾರೆ, ಒಂದರ ದನಿ ತಗ್ಗು, ಇನ್ನೊಂದರದು ಏರು. ‘ಸುರ್ನಾ’ ಊದುವ ವಾದ್ಯ, ನಮ್ಮ ಶಹನಾಯಿಯ ಬಳಗದ್ದು, ಹೆಸರು ಪಾರಸಿಯದು. ಲೇಹ್‌ನ ಅರಮನೆಯ ವಾದ್ಯಗಾರರು ಜಮ್ಯಂಗ್ ನಮ್ಗ್ಯಲ್‌ನ ಬಾಲ್ತೀ ರಾಣಿಯ ಜೊತೆ ಬಂದವರೆಂದು ಹೇಳಿಕೆಯಿದೆ. ಸೋತ ಅರಸನಿಗೆ ಗೆದ್ದವನ ಮಗಳೊಂದಿಗೆ ಮೇಳವೂ ದೊರೆತಂತಾಯಿತು. ಸುರ್ನಾ ಊದುವವನು ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು, ಮೂಗಿನಿಂದ ಉಸಿರೆಳೆಯುತ್ತಲೇ ಊದುತ್ತಾನೆ, ಸ್ವರ ಕಡಿಯುವುದಿಲ್ಲ. ಕೊರೆಯುವ ಚಳಿಯಲ್ಲಿ ಅಂಗಳದಲ್ಲಿ ಕುಳಿತು ಇದನ್ನು ತಾಸುಗಟ್ಟಲೆ ಮಾಡುವುದೆಂದರೆ ತುಟಿ ಸೀಳಿ ರಕ್ತ ಬರುವ ಕೆಲಸ. ನಗಾರಿಯ ತೊಗಲನ್ನು ಆಗಾಗ ಬೆಂಕಿಗೆ ಹಿಡಿದು ಕಾಯಿಸಿಕೊಳ್ಳಬೇಕು. ಊರಿನಲ್ಲಿ ಹಲಗಿ ಕಾಯಿಸಲು ಹುಲ್ಲು ಉರಿಸುವುದನ್ನು ಕಂಡಿದ್ದ ತರುಣನಿಗೆ ಆ ಬೆಂಕಿ ಬಲು ಆಪ್ತವಾಗಿ ಕಂಡಿತು. ಆಪ್ತವಾಗಿ ಕಂಡದ್ದು ಅಷ್ಟೇ.

ಈ ವಾದ್ಯಗಳನ್ನು ಊರಿನ ಎಲ್ಲರೂ ಮುಟ್ಟುತ್ತಿರಲಿಲ್ಲ. ಹಾಡು ಎಲ್ಲರದು, ಕುಣಿತ ಎಲ್ಲರದು, ನಗಾರಿ ಮಾತ್ರ ‘ಮೋನ್’ ಎಂಬ ಕುಲದವರದು. ಮರಗೆಲಸವೂ ವಾದ್ಯವೂ ಅವರ ಕಸುಬು. ಊರೂರು ಅಲೆಯುವ ‘ಬೇದಾ’ ಎಂಬ ವಾದ್ಯಗಾರರು, ‘ಗರಾ’ ಎಂಬ ಕಮ್ಮಾರರು ಇವರಂತೆಯೇ ಕೆಳಗಿನವರೆಂದು ಎಣಿಸಲ್ಪಟ್ಟವರು. 1989ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿ ಆದಾಗ ಮೋನ್, ಬೇದಾ, ಗರಾ ಮೂವರ ಹೆಸರೂ ಲದಾಖಿನ ಇತರ ಸಮುದಾಯಗಳ ಹೆಸರಿನ ಜೊತೆಗೇ ಬಂದವು. ಕಾಗದದ ಮೇಲೆ ಎಲ್ಲರೂ ಒಂದೇ ಸಾಲು. ಮನೆಯೊಳಗಿನ ಸಾಲು ಬೇರೆ. ಅದಕ್ಕೆ ‘ದ್ರಲ್’ ಎನ್ನುತ್ತಾರೆ. ಒಲೆಯ ಹತ್ತಿರದಿಂದ ಬಾಗಿಲಿನ ಕಡೆಗೆ, ಸನ್ಯಾಸಿ, ಹಿರಿಯ, ಕಿರಿಯ ಎಂದು ಇಳಿಯುತ್ತ ಹೋಗುವ ಕೂರುವ ಕ್ರಮ. ಯಾರು ಒಳಗೆ ಬಂದರೂ ಎಲ್ಲರೂ ಒಂದಿಷ್ಟು ಸರಿದು, ಅವರ ಜಾಗ ಯಾವುದೋ ಅಲ್ಲಿ ಎಡೆ ಮಾಡಿಕೊಡುತ್ತಾರೆ. ಸರಿಯುವಾಗಿನ ವಿನಯ, “ಮೇಲೆ ಬನ್ನಿ, ಮೇಲೆ ಬನ್ನಿ” ಎಂಬ ಒತ್ತಾಯ, ಬಂದವರ ನಾಚಿಕೆ ಇವೆಲ್ಲ ನೋಡಲು ಚೆನ್ನ. ತರುಣನನ್ನು “ಗೆರ್ಗನ್-ಲೆ”, ಅಂದರೆ ಮೇಷ್ಟ್ರೇ, ಎಂದು ಕರೆದು ಮೇಮೆಯ ಪಕ್ಕದಲ್ಲೇ ಕೂರಿಸುತ್ತಿದ್ದರು. ನಗಾರಿಯವನು ಸಾಲಿನ ಕೊನೆಯಲ್ಲಿ, ಬಾಗಿಲ ತೆರವಿನ ಗಾಳಿ ಬಡಿಯುವಲ್ಲಿ, ನೆಲಹಾಸು ಮುಗಿದ ಮೇಲೆ ಕೂರುತ್ತಿದ್ದ. ಛಂಗ್ ಕುಡಿಯಲು ತನ್ನ ಬಟ್ಟಲನ್ನು ತಾನೇ ಎದೆಯ ಮಡಿಕೆಯಿಂದ ತೆಗೆಯುತ್ತಿದ್ದ. ಸುರಿಯುವವಳು ಪಾತ್ರೆಯನ್ನು ಎತ್ತರಕ್ಕೆ ಹಿಡಿದು ಸುರಿಯುತ್ತಿದ್ದಳು.

ಇದನ್ನು ತರುಣ ನೋಡಲಿಲ್ಲವೆಂದಲ್ಲ. ಅವನ ಟಿಪ್ಪಣಿಯ ಪುಸ್ತಕದಲ್ಲಿ ‘ವಾದ್ಯದವರು ತಮ್ಮ ಬಟ್ಟಲು ತಾವೇ ತರುವ ಸುಂದರ ಪದ್ಧತಿ’ ಎಂದು ಬರೆದಿದೆ. ಸುಂದರ ಎಂಬ ಪದದ ಕೆಳಗೆ ಈಗ ಯಾವ ಗೆರೆ ಎಳೆದರೂ ಸಾಲದು. ಹಲಗಿ ಬಾರಿಸುವವರು ಗುಡಿಯ ಹೊರಗೆ ನಿಂತು ಬಾರಿಸುವ, ಅವರಿಗೆ ಚಹಾ ತೆಂಗಿನ ಕರಟದಲ್ಲಿ ಸುರಿಯುವ ಊರಿನಿಂದ ಹೋದವನು ಅವನು. ಅಲ್ಲಿ ಹಲಗಿ ಇನ್ನು ಬಡಿಯೆವೆಂದು ಕೇರಿಯ ಹುಡುಗರು ಹೇಳಿ ಜಾತ್ರೆ ನಿಂತಿದ್ದನ್ನೂ ಕಂಡವನು. ಸಾವಿರಾರು ಮೈಲಿ ಆಚೆ ಹಿಮದ ನಡುವೆ ಅದೇ ಬಟ್ಟಲು ಎದುರಾದಾಗ ಗುರುತು ಹಿಡಿಯಲಿಲ್ಲ. ಬೌದ್ಧರ ನಾಡು, ಅಲ್ಲಿ ಇಂಥದಿರದು ಎಂಬ ಪೂರ್ವಗ್ರಹ ಒಂದು ಕಾರಣ. ಊರಿನವರ ಪ್ರೀತಿ ಇನ್ನೊಂದು. ಒಲೆಯ ಪಕ್ಕ ಜಾಗ ಸಿಕ್ಕವನಿಗೆ ಬಾಗಿಲ ಹತ್ತಿರದ ಚಳಿ ತಾಗುವುದಿಲ್ಲ.

ನಗಾರಿಯವನ ಕೆಲಸವೇನೂ ಸಣ್ಣದಲ್ಲ. ಮಗು ಹುಟ್ಟಿದರೆ, ಮದುವೆಯಾದರೆ, ದೊಡ್ಡ ಲಾಮಾ ಬಂದರೆ, ವಸಂತದಲ್ಲಿ ಬಿಲ್ಲುಗಾರಿಕೆಯ ಪಂದ್ಯವಾದರೆ ಅವನಿಲ್ಲದೆ ನಡೆಯದು. ‘ಲ್ಹಾರ್ನಾ’ ಎಂಬ, ದೇವರನ್ನು ಕರೆಯುವ ಬಡಿತವನ್ನು ಮೊದಲು ಬಾರಿಸಿಯೇ ಹಬ್ಬ ತೊಡಗಬೇಕು. ದೇವರನ್ನು ಕರೆಯಬಲ್ಲವನಿಗೆ ಮನೆಯೊಳಗೆ ಹಾಸಿನ ಮೇಲೆ ಜಾಗವಿಲ್ಲ. ಕೂಲಿ ಕೊಯ್ಲಿನಲ್ಲಿ ಇಷ್ಟು ಜವೆಗೋಧಿ, ಮದುವೆಯಲ್ಲಿ ಒಂದು ಶಾಲು, ಒಂದಿಷ್ಟು ದುಡ್ಡು. ಆ ಊರಿನ ನಗಾರಿಯವನು ಕುಳ್ಳಗಿನ, ಮಾತು ಕಡಿಮೆಯ ಮನುಷ್ಯ. ಅವನ ಹತ್ತು ವರ್ಷದ ಮಗ ತರುಣನ ಶಾಲೆಯಲ್ಲೇ ಓದುತ್ತಿದ್ದ, ಲೆಕ್ಕದಲ್ಲಿ ಚುರುಕು. ಮದುವೆಯ ಮೂರನೆಯ ದಿನ ಅಪ್ಪ ಕೈ ಸೋತು ಕೋಲುಗಳನ್ನು ಮಗನ ಕಡೆ ಚಾಚಿದ. ಹುಡುಗ ಮೇಷ್ಟ್ರ ಮುಖ ನೋಡಿದ, ಕೋಲು ಮುಟ್ಟಲಿಲ್ಲ. ನಾಚಿಕೆಯೆಂದು ಎಲ್ಲರೂ ನಕ್ಕರು. ತರುಣನೂ “ಬಾರಿಸೋ, ಬಾರಿಸೋ” ಎಂದು ಹುರಿದುಂಬಿಸಿದ. ಹುಡುಗ ಎದ್ದು ಹೊರಗೆ ಹೋದ. ಆ ವರ್ಷ ಮತ್ತೆ ಅವನು ಲೆಕ್ಕದ ಪುಸ್ತಕ ತಂದು ಮುಂದೆ ಕೂರಲಿಲ್ಲ.

ಫೆಬ್ರವರಿಯಲ್ಲಿ ತರುಣ ಚಾದರ್ ಮೇಲೆ ನಡೆದು ಲೇಹ್ ಸೇರಿದ, ಅಲ್ಲಿಂದ ಊರು. ಕ್ಯಾಸೆಟ್ಟುಗಳು ಟ್ರಂಕಿನಲ್ಲಿ ಮಲೆನಾಡಿನ ಸೆರಗಿನ ಮಳೆಗಾಲಗಳನ್ನು ಕಳೆದವು, ಎರಡಕ್ಕೆ ಬೂಷ್ಟು ಹತ್ತಿತು. ಉಳಿದ ನಾಲ್ಕರಲ್ಲಿ ಹಾಡಿದವರ ಹೆಸರು, ಮನೆಯ ಹೆಸರು, ವಯಸ್ಸು ಎಲ್ಲ ಚೀಟಿಯ ಮೇಲಿದೆ. ನಗಾರಿಯವನ ಎದುರಿಗೆ ‘ಮೋನ್’ ಎಂದಷ್ಟೇ ಇದೆ.

ಆ ಮೇಲೆ ಆದ ಬದಲಾವಣೆಯನ್ನು ಒಂದೇ ಮಾತಿನಲ್ಲಿ ಹಾಳು ಎನ್ನಲೂ ಆಗದು, ಏಳಿಗೆ ಎನ್ನಲೂ ಆಗದು. 1971ರಲ್ಲಿ ತೊಡಗಿದ ಲೇಹ್ ಆಕಾಶವಾಣಿ ಹಳ್ಳಿಯ ಹಾಡಿಗೆ ಮೊದಲ ಮರ್ಯಾದೆ ಕೊಟ್ಟಿತು. ಮೊರುಪ್ ನಮ್ಗ್ಯಲ್‌ರಂಥ ಗಾಯಕರು ಊರೂರು ತಿರುಗಿ ಹಳೆಯ ಹಾಡುಗಳನ್ನು ಕೂಡಿಸಿ ಧ್ವನಿಮುದ್ರಿಸದಿದ್ದರೆ ಎಷ್ಟೋ ಸೊಲ್ಲುಗಳು ಮುದುಕರೊಂದಿಗೆ ಹೋಗುತ್ತಿದ್ದವು. ಅದೇ ರೇಡಿಯೋ ಒಂದೊಂದು ಹಾಡಿನ ಹತ್ತಾರು ಪಾಠಗಳಲ್ಲಿ ಒಂದನ್ನು ‘ಸರಿ’ ಮಾಡಿತು, ಉಳಿದವು ‘ತಪ್ಪು’ ಎನಿಸಿಕೊಂಡವು. ಕೆಲವು ಮಠಗಳು ಚಳಿಗಾಲದ ಮುಖವಾಡದ ಕುಣಿತವನ್ನು ಪ್ರವಾಸಿಗರು ಬರುವ ಬೇಸಗೆಗೆ ಸರಿಸಿದವು. ಚಾದರ್ ನಡಿಗೆ ಸಾಹಸದ ಪ್ಯಾಕೇಜ್ ಆಯಿತು. 2024ರ ಮಾರ್ಚ್‌ನಲ್ಲಿ ನಿಮ್ಮು, ಪದುಮ್, ದಾರ್ಚಾಗಳನ್ನು ಕೂಡಿಸುವ 298 ಕಿಲೋಮೀಟರ್ ರಸ್ತೆಯ ಕಡೆಯ ಕೊಂಡಿಯನ್ನು ಗಡಿ ರಸ್ತೆ ಸಂಸ್ಥೆ ಬೆಸೆಯಿತು. ಅದೇ ಜುಲೈನಲ್ಲಿ ಶಿಂಕು ಲಾ ಘಾಟಿಯ ಕೆಳಗೆ 4.1 ಕಿಲೋಮೀಟರ್ ಸುರಂಗದ ಮೊದಲ ಸಿಡಿತ ಆಯಿತು. ಸುರಂಗ ಮುಗಿದ ಮೇಲೆ ದಾರಿ ಮುಚ್ಚುವ ಹಂಗಾಮು ಇರುವುದಿಲ್ಲ. ಹೆರಿಗೆ ನೋವಿನ ಹೆಂಗಸನ್ನು ಹಿಮದ ಮೇಲೆ ಹೊತ್ತು ನಡೆಯುವುದನ್ನು ಕಂಡವರು ಯಾರೂ ಇದಕ್ಕೆ ಬೇಸರಪಡಲಾರರು. ರಾತ್ರಿ ನೂಲುವ ಗುಂಪು ಮಾತ್ರ ರಸ್ತೆಗೂ ಮೊದಲೇ ಕರಗಿತ್ತು. ಉಣ್ಣೆಯ ದಾರ ಅಂಗಡಿಯಲ್ಲಿ ಸಿಗತೊಡಗಿದ ವರ್ಷವೇ ಅದು ಕರಗಿರಬೇಕು.

ನಗಾರಿ ನಿಂತದ್ದು ಇವುಗಳಿಂದಲ್ಲ. ಮೋನ್ ಮನೆಗಳ ಮಕ್ಕಳು ತಾವಾಗಿ ಅದನ್ನು ಬಿಟ್ಟರು. ಸೇನೆ, ಸರಕಾರಿ ಕೆಲಸ, ಟ್ಯಾಕ್ಸಿ, ಮರಗೆಲಸ ಯಾವುದಾದರೂ ಸರಿ, ಕೋಲು ಮಾತ್ರ ಹಿಡಿಯೆವೆಂದರು. ಪರಂಪರೆ ಅಳಿಯುತ್ತಿದೆಯೆಂದು ಮರುಗುವವರಲ್ಲಿ ಒಲೆಯ ಬದಿಯ ಜಾಗದವರೇ ಹೆಚ್ಚು. ಆ ಚಳಿಗಾಲದ ಸುರ್ನಾ ದನಿ ಕ್ಯಾಸೆಟ್ಟಿನಲ್ಲಿ ಏರಿದಾಗ ಈಗಲೂ ಮೈ ಜುಮ್ಮೆನ್ನುತ್ತದೆ, ಅದು ಸುಳ್ಳಲ್ಲ. ಆ ಹುಡುಗ ಕೋಲು ಮುಟ್ಟದೆ ಎದ್ದು ಹೋದದ್ದು ಸರಿಯಾಗಿತ್ತೆಂಬುದೂ ಸುಳ್ಳಲ್ಲ.

ಯುವ ಸನ್ಯಾಸಿ ಹೇಳಿದ ಪ್ರಕಾರ ನಗಾರಿಯವನು ತೀರಿಕೊಂಡು ಹನ್ನೆರಡು ವರ್ಷವಾಯಿತು. ಮಗ ಕಾರ್ಗಿಲ್‌ನಲ್ಲಿ ನೌಕರಿಯಲ್ಲಿದ್ದಾನೆ, ಊರಿಗೆ ಬಂದರೆ ಸ್ವಂತ ಕಾರಿನಲ್ಲಿ ಬರುತ್ತಾನೆ. ನಗಾರಿ ಜೋಡಿ ಅವರ ಮನೆಯ ಉಗ್ರಾಣದಲ್ಲಿದೆ, ಒಂದರ ತೊಗಲು ಹರಿದಿದೆ. ಹೆಚ್ಚಿನ ಮದುವೆಗಳಲ್ಲಿ ಸ್ಪೀಕರ್ ಹಾಕುತ್ತಾರೆ, ಅದರಲ್ಲಿ ಹಳೆಯ ನಗಾರಿಯ ಧ್ವನಿಮುದ್ರಣ, ಅದಕ್ಕೆ ಕೀಬೋರ್ಡಿನ ತಾಳ ಸೇರಿದೆ. ಕುಣಿತದ ಸಾಲು ಹಾಗೇ ಇದೆ, ಹೆಜ್ಜೆ ತುಸು ಚುರುಕು. ದುಡ್ಡಿದ್ದವರು ದೂರದಿಂದ ವಾದ್ಯದವರನ್ನು ದಿನಗೂಲಿಗೆ ಕರೆಸುತ್ತಾರೆ. ಅವರು ಜೀಪಿನಲ್ಲಿ ಬಂದು, ದರ ಮೊದಲೇ ಮಾತಾಡಿ, ಮೂರನೆಯ ದಿನ ಜೀಪಿನಲ್ಲೇ ಹೋಗುತ್ತಾರೆ.

ಬಂದವರನ್ನು ಎಲ್ಲಿ ಕೂರಿಸುತ್ತಾರೆ ಎಂದು ಕೇಳಿದ್ದಕ್ಕೆ ಸನ್ಯಾಸಿ ಪ್ರಶ್ನೆ ತಿಳಿಯದವನಂತೆ ನೋಡಿದ. “ಈಗ ಯಾರೂ ಕೆಳಗೆ ಕೂರೂದಿಲ್ರಿ ಸರ್. ಪ್ಲಾಸ್ಟಿಕ್ ಕುರ್ಚಿ, ಎಲ್ಲರಿಗೂ ಒಂದೇ ತರಾ ಕುರ್ಚಿ.” ವಿಡಿಯೋವನ್ನು ಹಿಂದಕ್ಕೆ ಎಳೆದು ತೋರಿಸಿದ. ಅಂಗಳದಲ್ಲಿ ನೀಲಿ ಕುರ್ಚಿಗಳ ಸಾಲು ಸಾಲು. ವಾದ್ಯದವರು ಬಂದ ಮದುವೆಯಲ್ಲಿ ಅವರ ಕುರ್ಚಿ ಯಾವ ಕಡೆ ಇತ್ತು ಎಂದರೆ, ಚಹಾ ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ಯೋಚಿಸಿ, “ಬಾಗಿಲ ಹತ್ರ” ಎಂದ. “ಅಲ್ಲೇ ಕರೆಂಟ್ ಪಾಯಿಂಟ್ ಐತ್ರಿ, ಅದಕ್ಕ.”